ಹಳೆ ಗಾಡಿಯ ಹಲ್ಲು ಎಣಿಸುವ ಲೆಕ್ಕ

ಎತ್ತು ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಎಣಿಸಿ ವಯಸ್ಸು ಹೇಳುತ್ತಾನೆ. ಮಂಡ್ಯ ಸೀಮೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ರೈತನ ಮನೆಯ ಮುಂದೆ ಇಂದು ಎತ್ತಿನ ಜಾಗದಲ್ಲಿ ನಾಲ್ಕು ಗಾಲಿಯ ಸರಕು ಗಾಡಿ ನಿಂತಿದೆ. ಅದರ ಹಲ್ಲು ಎಲ್ಲಿದೆ?

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಐವತ್ತು ದಾಟಿದ ಒಬ್ಬ ಎಳನೀರು ವ್ಯಾಪಾರಿ ಇದ್ದಾರೆ. ತೋಟಗಳಲ್ಲಿ ಕಾಯಿ ಇಳಿಸಿ ಮದ್ದೂರಿನ ಎಳನೀರು ಮಾರುಕಟ್ಟೆಗೆ ಸಾಗಿಸುವುದು ಅವರ ಕಸುಬು. ಆಲೆಮನೆಗಳ ಕಾಲದಲ್ಲಿ ಮಂಡ್ಯದ ಮಂಡಿಗೆ ಬೆಲ್ಲವನ್ನೂ ಹೊಡೆಯುತ್ತಾರೆ. 2010ರಲ್ಲಿ ಸಾಲ ಮಾಡಿ ಕೊಂಡ ಟಾಟಾ ಏಸ್ ಅವರದು. 2005ರಲ್ಲಿ ಈ ಗಾಡಿ ಮಾರುಕಟ್ಟೆಗೆ ಬಂದಾಗ ಉತ್ತರದವರು ಅದನ್ನು ಚೋಟಾ ಹಾಥಿ ಎಂದರು. ಎರಡು ಸಿಲಿಂಡರು, 702 ಸಿ.ಸಿ., 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರುವ ಮರಿ ಆನೆ. ಮರಿ ಆನೆ ಯಾವಾಗ ಬಿಳಿ ಆನೆಯಾಯಿತು ಎಂಬುದೇ ಈಗ ಅವರ ಮನೆಯ ಜಗಳ.

ಹೋದ ಮಳೆಗಾಲದಲ್ಲಿ ಗಾಡಿ ನೀಲಿ ಹೊಗೆ ಬಿಡತೊಡಗಿತು. ಡೀಸೆಲ್ ಗಾಡಿಯ ಹೊಗೆಗೂ ಭಾಷೆಯುಂಟು. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು, ಅದು ಜ್ವರವಿದ್ದ ಹಾಗೆ. ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗಿಳಿಯುತ್ತಿರಬಹುದು. ನೀಲಿ ಎಂದರೆ ಇಂಜಿನ್ ಆಯಿಲ್ಲೇ ಉರಿಯುತ್ತಿದೆ. ಪಿಸ್ಟನ್ನಿನ ರಿಂಗು, ಬೋರು ಸವೆದಿವೆ. ಆಯಿಲ್ ಮುಚ್ಚಳ ತೆಗೆದು ಇಂಜಿನ್ ಓಡಿಸಿದಾಗ ಅಲ್ಲಿಂದ ಬುಸುಬುಸು ಗಾಳಿ ಹೊಡೆದರೆ ಅನುಮಾನವೇ ಬೇಡ. ಎತ್ತಿನ ಬಾಯಿ ಬಿಡಿಸಿದಂತೆಯೇ ಇದು.

ಮಂಡ್ಯದಲ್ಲಿ ಬೋರಿಂಗ್ ಮಾಡಿಸಿ, ಪಿಸ್ಟನ್ನು, ರಿಂಗು, ಬೇರಿಂಗು ಬದಲಿಸಿದ್ದಕ್ಕೆ 52 ಸಾವಿರ. ಹಿಂದಿನ ಸ್ಪ್ರಿಂಗ್ ಪಟ್ಟಿ, ಕ್ಲಚ್ ಪ್ಲೇಟಿಗೆ 14 ಸಾವಿರ. ಒಟ್ಟು 66 ಸಾವಿರ. ಮನೆಯಾಕೆಯ ಸರ ಸೊಸೈಟಿಗೆ ಹೋಯಿತು. ಸ್ಪ್ರಿಂಗ್ ಪಟ್ಟಿ ಮುರಿದದ್ದಕ್ಕೆ ಗಾಡಿಯನ್ನು ಬೈಯುವ ಹಾಗಿಲ್ಲ. ನೀರು ತುಂಬಿದ ಎಳನೀರು ಒಂದೂಮುಕ್ಕಾಲು ಕಿಲೋ ತೂಗಿದರೆ 400 ಕಾಯಿಗೆ 700 ಕಿಲೋ, ಹೇರುತ್ತಿದ್ದದ್ದು 600. (ಭಾರ ಒಂದೂವರೆ ಪಟ್ಟಾದರೆ ರಸ್ತೆಗೆ ಆಗುವ ಹಾನಿ ಒಂದೂವರೆ ಪಟ್ಟಲ್ಲ, ಸುಮಾರು ಐದು ಪಟ್ಟು ಎಂಬುದನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಲಾರಿಗಳನ್ನು ಓಡಿಸಿ ನಡೆಸಿದ ಪ್ರಯೋಗ ತೋರಿಸಿತು. ನಮ್ಮ ಹಳ್ಳಿ ರಸ್ತೆಗಳಿಗೆ ಆ ಪ್ರಯೋಗದ ಅಗತ್ಯವಿರಲಿಲ್ಲ.)

ರಿಪೇರಿಯಾದ ವಾರಕ್ಕೆ ಮಗ ಮಾತೆತ್ತಿದ. "ಮಾರ್ಬುಡಣ ಕಣಪ್ಪ, ಈಗ್ಲೇ ಒಳ್ಳೆ ರೇಟ್ ಬತ್ತದೆ." ಅಪ್ಪನಿಗೆ ಸಿಟ್ಟು ಬಂತು. "ಅರವತ್ತಾರು ಸಾವ್ರ ಸುರ್ದಿವ್ನಿ, ಅದಾದ್ರೂ ದುಡ್ದು ಕೊಡಾದ್ ಬ್ಯಾಡ್ವಾ?"

ಈ ಮಾತಿನಲ್ಲಿಯೇ ತಪ್ಪಿರುವುದು. ಆ 66 ಸಾವಿರ ಗಾಡಿ ಇಟ್ಟುಕೊಂಡರೂ ಬಾರದು, ಮಾರಿದರೂ ಬಾರದು. ದಲ್ಲಾಳಿ ರಿಪೇರಿಗೆ ಮುಂಚೆ 90 ಸಾವಿರ ಎಂದಿದ್ದ, ಈಗ 1 ಲಕ್ಷ 10 ಸಾವಿರ ಎನ್ನುತ್ತಾನೆ. 66 ಸಾವಿರ ಸುರಿದರೆ ಬೆಲೆ ಏರಿದ್ದು 20 ಸಾವಿರ ಮಾತ್ರ. ಒಣಗಿದ ಬೋರ್‌ವೆಲ್ಲಿಗೆ ಮತ್ತೆ ನೂರಡಿ ಕೊರೆಸುವವರೂ "ಇಷ್ಟು ಹಾಕಿದ್ದೇವಲ್ಲ" ಎಂದೇ ಕೊರೆಸುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತಿನಿಂದ ಮುಂದೆ ಯಾವುದು ಅಗ್ಗ?

ಮಗ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ. ಎರಡೂ ಗಾಡಿಗೆ ಸಮಾನವಾದ ಖರ್ಚನ್ನು ಬಿಟ್ಟು ವ್ಯತ್ಯಾಸವಿರುವುದನ್ನು ಮಾತ್ರ ಬರೆದ. ಹಳೆಯದಕ್ಕೆ ಮುಂದಿನ ಒಂದು ವರ್ಷದಲ್ಲಿ ಸಣ್ಣಪುಟ್ಟ ರಿಪೇರಿ 35 ಸಾವಿರ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. ಆಗಬೇಕು, 15 ವರ್ಷ ದಾಟಿದವಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ ಹಲವು ಪಟ್ಟು ಏರಿದೆ. ಟಿಂಕರಿಂಗು, ಬಣ್ಣ, ದೀಪ ಎಲ್ಲ ಸೇರಿ ಅದಕ್ಕೆ 15 ಸಾವಿರ. ಗಾಡಿ ಕೆಟ್ಟು ನಿಲ್ಲುವ ದಿನ ವರ್ಷಕ್ಕೆ ಹತ್ತಾದರೂ ದಿನಕ್ಕೆ 1,200ರಂತೆ 12 ಸಾವಿರ. ಜೊತೆಗೆ ಯಾರೂ ಬರೆಯದ ಒಂದು ಬಾಬತ್ತು: ಇವತ್ತು 1 ಲಕ್ಷ 10 ಸಾವಿರಕ್ಕೆ ಹೋಗುವ ಗಾಡಿ ಬರುವ ವರ್ಷ 80 ಸಾವಿರಕ್ಕೆ ಹೋದೀತು, ಆ 30 ಸಾವಿರವೂ ಇಟ್ಟುಕೊಂಡದ್ದರ ಖರ್ಚೇ. ಒಟ್ಟು 92 ಸಾವಿರ.

ಹೊಸದಕ್ಕೆ? ಹಳೆಯದನ್ನು ಮಾರಿದ ಹಣ ಮುಂಗಡಕ್ಕೆ ಹೋಗಿ 4 ಲಕ್ಷ ಸಾಲವೆಂದುಕೊಂಡರೆ, ಶೇಕಡಾ 11ರ ಬಡ್ಡಿಯಲ್ಲಿ ನಾಲ್ಕು ವರ್ಷಕ್ಕೆ ತಿಂಗಳ ಕಂತು ಸುಮಾರು 10,300. ವರ್ಷಕ್ಕೆ 1 ಲಕ್ಷ 24 ಸಾವಿರ. ಕಂತಿನ ಒಂದು ಪಾಲು ಆಸ್ತಿಯಾಗಿ ಉಳಿಯುತ್ತದೆ ಎಂಬುದು ನಿಜ. ಆದರೆ ಎಳನೀರಿಗೆ ಬೇಡಿಕೆ ಕುಸಿಯುವ ಮಳೆಗಾಲದ ತಿಂಗಳಲ್ಲಿ ಬ್ಯಾಂಕಿಗೆ ಆಸ್ತಿ ಕಟ್ಟಲಾಗದು, ದುಡ್ಡೇ ಕಟ್ಟಬೇಕು.

ಬೋರಿಂಗ್ ಆದಮೇಲೆ ಮೈಲೇಜೂ ಸುಧಾರಿಸಿತ್ತು. ಲೀಟರಿಗೆ 14 ಕಿಲೋಮೀಟರ್ ಕೊಡುತ್ತಿದ್ದದ್ದು 17 ಕೊಟ್ಟಿತು. ತಿಂಗಳಿಗೆ 1,500 ಕಿಲೋಮೀಟರ್ ಓಡಿದರೆ 19 ಲೀಟರ್ ಉಳಿತಾಯ, ಲೀಟರಿಗೆ 90 ರೂಪಾಯಿಯಂತೆ 1,700. ಹೀಗೆ ಲೆಕ್ಕ ಅಪ್ಪನ ಕಡೆಗೇ ವಾಲಿತು. ಮಗ ನೋಟ್‌ಬುಕ್ ಮುಚ್ಚಿ ಸುಮ್ಮನಾದ.

ಅಷ್ಟರಲ್ಲಿ ಎಫ್.ಸಿ.ಗೆ ಮುಂಚೆ ಗಾಡಿ ತೊಳೆಸಲು ಹೋದಾಗ, ಟಿಂಕರ್ ಒಬ್ಬ ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಅಡಿ ತೂರಿದ. ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋದ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತಿಂದುಹೋದದ್ದು ದಬ್ ಎನ್ನುತ್ತದೆ. ಬಲಗಡೆ ಹಿಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ಸುತ್ತಿಗೆಯ ಮೂತಿ ಒಳಕ್ಕೇ ಹೋಯಿತು.

ಇದರ ಹಿಂದೆ ಇದ್ದದ್ದು ಬೆಲ್ಲ. ಬೆಲ್ಲ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಅಚ್ಚು ಬೆವರಿ ರಸ ಇಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಆ ರಸ ತೊಟ್ಟಿಯ ಸಂದುಗಳಲ್ಲಿ ಇಳಿದು ಚಾಸಿಯ ಮೂಲೆಗಳಲ್ಲಿ ಕೂತು ಕಬ್ಬಿಣವನ್ನು ಸದಾ ಒದ್ದೆಯಾಗಿಡುತ್ತದೆ. ಅಲ್ಯೂಮಿನಿಯಮ್ಮಿಗೆ ಹಿಡಿಯುವ ತೆಳು ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡಿ ಉಬ್ಬಿ, ಪದರು ಪದರಾಗಿ ಉದುರಿ, ಹೊಸ ಕಬ್ಬಿಣವನ್ನು ತೇವಕ್ಕೆ ಒಡ್ಡುತ್ತಲೇ ಹೋಗುತ್ತದೆ. ಇಂಜಿನ್ ಸತ್ತರೆ ಗಾಡಿ ನಿಲ್ಲುತ್ತದೆ. ಚಾಸಿ ಸತ್ತರೆ ಗಾಡಿ ಓಡುತ್ತಲೇ ಇರುತ್ತದೆ, ಅದೇ ಅಪಾಯ. ಲೆಕ್ಕದಲ್ಲಿ ಇದಕ್ಕೊಂದು ಸಾಲು ಇರಲಿಲ್ಲ. ಮೊದಲು ಸುತ್ತಿಗೆ, ಆಮೇಲೆ ಬೋರಿಂಗ್ ಆಗಿದ್ದರೆ 66 ಸಾವಿರ ಉಳಿಯುತ್ತಿತ್ತು.

"ಒಂದು ತಗಡು ಹೊಡ್ದು ಕಪ್ಪು ಬಣ್ಣ ಬಳುದ್ರೆ ಯಾರ್ಗೂ ಕಾಣಾಕಿಲ್ಲ" ಎಂದ ದಲ್ಲಾಳಿ. ಮದ್ದೂರು ಕಡೆಯ ಹುಡುಗನೊಬ್ಬ 1 ಲಕ್ಷ 10 ಸಾವಿರಕ್ಕೆ ಒಪ್ಪಿ ಹತ್ತು ಸಾವಿರ ಮುಂಗಡ ತಂದಿದ್ದ. ಬೆಳಿಗ್ಗೆ ಸೊಪ್ಪು ತರಕಾರಿ ಹೊಡೆದು, ಕಬ್ಬು ಕಡಿಯುವ ಕಾಲಕ್ಕೆ ಆಳುಗಳನ್ನು ಕರೆದೊಯ್ಯುವುದು ಅವನ ಯೋಜನೆ. ಸರಕು ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧವಾದರೂ ಸುಗ್ಗಿಯಲ್ಲಿ ಅದು ನಿಂತಿಲ್ಲ.

ವ್ಯಾಪಾರಿ ರಾತ್ರಿಯೆಲ್ಲ ಯೋಚಿಸಿದರು. ಸೊಸೈಟಿಯಲ್ಲಿ ಸರವಿದೆ. ಬೆಳಿಗ್ಗೆ ಹುಡುಗ ಬಂದಾಗ, "ಬಾಪ್ಪ, ಕೆಳಕ್ ಬಗ್ಗು" ಎಂದು ಅವನನ್ನೂ ಗಾಡಿಯಡಿ ಕರೆದೊಯ್ದು ತೂತು ತೋರಿಸಿದರು. ಹುಡುಗ ಮುಂಗಡ ವಾಪಸು ಪಡೆದು ಹೋದ. ದಲ್ಲಾಳಿ ಮಾತು ಬಿಟ್ಟ.

ಕಾಗದದ ಮೇಲೂ ಅವರಿಗೆ ಒಳ್ಳೆಯದೇ ಆಯಿತು. ಹಳ್ಳಿಗಳಲ್ಲಿ ಖಾಲಿ ಫಾರಂಗಳಿಗೆ ಸಹಿ ಹಾಕಿ ಕೀಲಿ ಕೊಟ್ಟುಬಿಡುವುದೇ ಮಾರಾಟ. ಆದರೆ ಆರ್.ಟಿ.ಒ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಗುಜರಿಗೆ ಹಾಕುವುದಾದರೂ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಘಟಕಕ್ಕೆ ಕೊಟ್ಟು, ಠೇವಣಿ ಪ್ರಮಾಣಪತ್ರ ಪಡೆದು, ನೋಂದಣಿ ರದ್ದಾದುದನ್ನು ಖಚಿತ ಮಾಡಿಕೊಳ್ಳಬೇಕು. 2021ರ ನಿಯಮಗಳ ಪ್ರಕಾರ ಆ ಪತ್ರ ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಇಲ್ಲ. ಊರ ಗುಜರಿಯವನು ಕೈಗೆ ನೋಟು ಕೊಡುತ್ತಾನೆ, ಪತ್ರ ಕೊಡುವುದಿಲ್ಲ.

ಸಿಗುವುದು ಮೂವತ್ತು ಸಾವಿರದ ಆಸುಪಾಸು. ಸರ ಬಿಡಿಸಲು ಅದರ ಎರಡರಷ್ಟು ಬೇಕು. ಹೊಸ ಗಾಡಿಯ ಮಾತು ಸುಗ್ಗಿ ಕಳೆದ ಮೇಲೆ ಎಂದು ಅಪ್ಪ ಮಗ ಒಪ್ಪಿಕೊಂಡಿದ್ದಾರೆ. ಅಲ್ಲಿಯವರೆಗೆ ಪಕ್ಕದೂರಿನವರ ಗಾಡಿ ಬಾಡಿಗೆಗೆ ಬರುತ್ತದೆ; ಅದಕ್ಕೆ 400 ಕಾಯಿಗಿಂತ ಒಂದು ಹೆಚ್ಚು ಹೇರಲು ಅದರ ಮಾಲೀಕ ಬಿಡುವುದಿಲ್ಲ. ಹಳೆಯದು ಹುಣಸೆ ಮರದ ಕೆಳಗೆ ನಿಂತಿದೆ. ಇಂಜಿನ್ ಮಾತ್ರ ಒಂದೇ ಸೆಲ್ಫಿಗೆ ಶುರುವಾಗುತ್ತದೆ, ಹೊಗೆಯೂ ಇಲ್ಲ.