ಸ್ವಂತ ಮನೆ ಸಾಮಾನಿಗೆ ಸುಂಕ ಯಾಕೆ ಸ್ವಾಮಿ?

ಬೇರೆ ದೇಶಕ್ಕೆ ಸಂಸಾರ ಸಾಗಿಸೋದು ಸುಲಭ. ಕಷ್ಟ ಇರೋದು ಸ್ವಂತ ದೇಶಕ್ಕೆ ವಾಪಸ್ ತರೋದರಲ್ಲಿ.

ಸುಮ್ಮನೆ ಹೇಳ್ತಿಲ್ಲ. ನೀವು ಅಮೆರಿಕಕ್ಕೆ ಹೋಗಿ ನೆಲೆಸ್ತೀರಿ ಅಂದ್ಕೊಳ್ಳಿ. ಹೊರಗೆ ಒಂದು ವರ್ಷ ಬಳಸಿದ ಮಂಚ, ಪಾತ್ರೆ, ಪುಸ್ತಕಗಳಿಗೆ ಅಲ್ಲಿ ಸುಂಕ ಇಲ್ಲ. ಮಾರೋದಕ್ಕಲ್ಲ, ನಿಮ್ಮ ಬಳಕೆಗೇ ಅಂತಾದರೆ ಸಾಕು. ಬ್ರಿಟನ್ನಿನವರು ಕೇಳೋದು ಎರಡೇ ಮುಖ್ಯ ಪ್ರಶ್ನೆ: ಹನ್ನೆರಡು ತಿಂಗಳು ಹೊರಗಿದ್ರಾ? ಸಾಮಾನು ಆರು ತಿಂಗಳಿಂದ ನಿಮ್ಮ ಹತ್ತಿರ ಇತ್ತಾ? ಎರಡೂ ಕಡೆ ನೋಡೋದು ಬಳಕೆಯನ್ನ. ನಮ್ಮಲ್ಲಿ ನೋಡೋದು ಬೆಲೆಯನ್ನ.

2026ರವರೆಗೆ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮಗಳನ್ನ ಒಮ್ಮೆ ಓದಿ. ಮೂರರಿಂದ ಆರು ತಿಂಗಳು ಹೊರಗಿದ್ದು ಬಂದವರಿಗೆ ₹60,000ದವರೆಗಿನ ಮನೆ ಸಾಮಾನು ಸುಂಕವಿಲ್ಲದೆ ಬರ್ತಿತ್ತು. ವರ್ಷದೊಳಗಾದರೆ ₹1 ಲಕ್ಷ. ವರ್ಷ ದಾಟಿದರೆ ₹2 ಲಕ್ಷ. ಎರಡು ವರ್ಷ, ಮೇಲ್ಪಟ್ಟು ಎಷ್ಟಾದರೂ ₹5 ಲಕ್ಷ. ಅಂದರೆ ಎರಡು ವರ್ಷದ ಪ್ರಾಜೆಕ್ಟ್ ಮುಗಿಸಿ ಬರೋ ಬ್ರಹ್ಮಚಾರಿಗೂ, ಇಪ್ಪತ್ತು ವರ್ಷ ಸಂಸಾರ ಮಾಡಿ ಬರೋ ತಾಯಿಗೂ ಒಂದೇ ಗೆರೆ ಇತ್ತು. ಮಿತಿ ಮೀರಿದ ಬ್ಯಾಗೇಜಿಗೆ ಆಗ ಸಾಮಾನ್ಯ ದರ ಶೇ. 35, ಅದರ ಮೇಲೆ ಸರ್ಚಾರ್ಜ್. ಒಟ್ಟು ಶೇ. 38.5. ಟಿವಿ, ದೊಡ್ಡ ಫ್ರಿಜ್, ಡಿಶ್‌ವಾಷರ್‌ಗಳದು ಬೇರೆಯೇ ಪಟ್ಟಿ ಇತ್ತು.

ಆ ಪಟ್ಟಿಗಳನ್ನ ಓದಿದರೆ ನಗು ಬರುತ್ತೆ. ಮಿತಿಯೊಳಗೆ ತರಬಹುದಾಗಿದ್ದ ಸಾಮಾನಿನಲ್ಲಿ ಏನೇನಿತ್ತು ಗೊತ್ತಾ? ವಿಡಿಯೊ ಕ್ಯಾಸೆಟ್ ರೆಕಾರ್ಡರ್. ವರ್ಡ್ ಪ್ರೊಸೆಸಿಂಗ್ ಮೆಷಿನ್. ಫ್ಯಾಕ್ಸ್ ಮೆಷಿನ್. ನಿಯಮ 2016ರದು, ಕಲ್ಪನೆ ಮಾತ್ರ 1986ರದು. ಈ ಕಾಲದ ಮನೆ ಹೇಗಿರುತ್ತೆ ಅಂತ ಗೊತ್ತಿಲ್ಲದವರು ಮನೆ ಸಾಮಾನಿಗೆ ಬೆಲೆ ಕಟ್ಟೋಕೆ ಕೂತಿದ್ದರು.

ನಗು ನಿಲ್ಲೋದು ಒಡವೆ ವಿಷಯಕ್ಕೆ ಬಂದಾಗ. ವರ್ಷಕ್ಕಿಂತ ಹೆಚ್ಚು ಹೊರಗಿದ್ದ ಹೆಣ್ಣುಮಗಳು 40 ಗ್ರಾಂ, ಗಂಡಸು 20 ಗ್ರಾಂ ಒಡವೆ ಸುಂಕವಿಲ್ಲದೆ ತರಬಹುದು ಅನ್ನುತ್ತಿತ್ತು ಆ ನಿಯಮ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬೆಲೆ ಅವಳಿಗೆ ₹1 ಲಕ್ಷ, ಅವನಿಗೆ ₹50,000 ಮೀರಬಾರದು ಅಂತ ಬಾಲ ಸೇರಿಸಿದ್ದರು. ಈ ರೂಪಾಯಿ ಮಿತಿ ಬಂದಿದ್ದು 2013ರ ಬಜೆಟ್ಟಿನಲ್ಲಿ. ಹಳೇ ಮಿತಿ 1991ರದು, ಚಿನ್ನದ ಬೆಲೆ ಏರಿದೆ, ಪ್ರಯಾಣಿಕರು ಕಿರುಕುಳದ ದೂರು ಹೇಳ್ತಿದ್ದಾರೆ ಅಂತ ಆಗಿನ ಹಣಕಾಸು ಮಂತ್ರಿ ಚಿದಂಬರಂ ಸದನದಲ್ಲೇ ಒಪ್ಪಿ ಮಿತಿ ಏರಿಸಿದ್ದರು. 2024ರ ಹೊತ್ತಿಗೆ ಅದಾಗಿ ಹನ್ನೊಂದು ವರ್ಷ ಆಗಿತ್ತು. ಆಗ ಒಡವೆ ಚಿನ್ನ ಗ್ರಾಮಿಗೆ ಆರೂವರೆ ಸಾವಿರದ ಆಸುಪಾಸು ಇತ್ತು. ಲೆಕ್ಕ ಹಾಕಿ: ಲಕ್ಷಕ್ಕೆ ಸುಮಾರು 15 ಗ್ರಾಂ. ಕಾಗದದ ಮೇಲೆ 40, ಕೈಯಲ್ಲಿ 15. ನಾಲ್ಕು ಬಳೆಯಲ್ಲಿ ಎರಡೂವರೆ ಬಳೆ ಅಪರಾಧ!

2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿಯಿತು. ಟನ್ನುಗಟ್ಟಲೆ ತರೋ ವ್ಯಾಪಾರಿಗೆ ಉಸಿರಾಡೋಕೆ ಜಾಗ ಸಿಕ್ಕಿತು. ಮದುವೆಯ ಸರ ಹಾಕ್ಕೊಂಡು ಬರೋ ಹೆಂಗಸಿನ ಮಿತಿಯನ್ನ ಮುಟ್ಟಲೇ ಇಲ್ಲ.

ಕಂಟೇನರ್ ಡಿಪೋ ಅನುಭವ ನನಗೂ ಇದೆ. ನಾಲ್ಕು ವರ್ಷದ ಮೇಲೆ ವಾಪಸ್ ಬಂದಾಗ ನನ್ನ ಪೆಟ್ಟಿಗೆಗಳಲ್ಲಿದ್ದ ಅತಿ ಭಾರದ ವಸ್ತು ಒಂದು ವೆಟ್ ಗ್ರೈಂಡರ್. ಕೊಯಮತ್ತೂರಲ್ಲಿ ತಯಾರಾಗಿ, ಬೆಂಗಳೂರಲ್ಲಿ ಕೊಂಡು, ನನ್ನ ಜೊತೆ ಹೋಗಿ, ನನ್ನ ಜೊತೆಗೇ ಬಂದದ್ದು. ಅದೂ ಆಮದು ಲೆಕ್ಕಕ್ಕೆ ಸೇರಿತು! "ಹೋಗುವಾಗ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿದ್ರಾ ಸಾರ್?" ಅಂದ ಏಜೆಂಟು. ದೋಸೆ ಹಿಟ್ಟು ರುಬ್ಬೋ ಕಲ್ಲಿಗೆ ಸರ್ಟಿಫಿಕೇಟ್ ಮಾಡಿಸೋ ಪುಣ್ಯಾತ್ಮ ಯಾರಪ್ಪ?

ಜಗಳ ಆಡಬಹುದಿತ್ತು. ಆದರೆ ಸಾಮಾನು ಡಿಪೋದಲ್ಲಿ ಬಿದ್ದಷ್ಟು ದಿನ ನೆಲಬಾಡಿಗೆ ಏರ್ತಾ ಇರುತ್ತೆ. ಮೂರು ಸಾವಿರದ ಸುಂಕ ಪ್ರಶ್ನಿಸೋಕೆ ಹೋದರೆ ಆರು ಸಾವಿರ ಬಾಡಿಗೆ. ಈ ವ್ಯವಸ್ಥೆ ನಡೀತಿರೋದೇ ಹೀಗೆ. ಹಳೇ ಸೋಫಾಗೆ ಅಧಿಕಾರಿ ಎಷ್ಟು ಹೇಳ್ತಾರೋ ಅಷ್ಟು ಬೆಲೆ. ಸವಕಳಿ ಎಷ್ಟು ಕಳೆದರು ಅಂತ ಕೇಳೋ ಪುರುಸೊತ್ತು ಯಾರಿಗೂ ಇರಲ್ಲ. ಕಟ್ಟಿ, ಕೈ ಮುಗಿದು ಬರ್ತೀವಿ.

"ಸುಂಕ ಇರೋದು ದೇಶದ ಉದ್ಯಮ ಉಳಿಸೋಕೆ" ಅಂತ ಹೇಳೋರಿದ್ದಾರೆ. ಆ ಮಾತನ್ನ ಹೊಸದುರ್ಗ ತಾಲ್ಲೂಕಿನ ನಮ್ಮ ಮತ್ತೋಡಿಗೆ ಬಂದು ಹೇಳಿ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಈ ಸೀಮೆ ಸುತ್ತಿದಾಗ ನಮ್ಮೂರಿನ ಗಾಜಿನ ಬಳೆಯ ಕುಲುಮೆಗಳನ್ನ ಕಂಡು ವಿವರವಾಗಿ ಬರೆದಿಟ್ಟ. ಸವಳು ಮಣ್ಣು, ಬೆಣಚುಕಲ್ಲಿನ ಪುಡಿ ಬೆರೆಸಿ, ಕಾಯಿಸಿ, ಇಲ್ಲೇ ಗಾಜು ತೆಗೀತಿದ್ದರು. ಅದೇ ಶತಮಾನದಲ್ಲಿ ಯುರೋಪಿನ ಅಗ್ಗದ ಗಾಜು ಹಡಗು ಹಡಗಾಗಿ ಬಂತು. 1882ರಲ್ಲಿ ಬ್ರಿಟಿಷ್ ಸರ್ಕಾರ ಉಪ್ಪು, ಮದ್ಯದಂಥ ಕೆಲವನ್ನ ಬಿಟ್ಟು ಬಹುತೇಕ ಆಮದು ಸುಂಕವನ್ನೇ ತೆಗೆದುಹಾಕಿತು. ಮೈಸೂರು ಸಂಸ್ಥಾನಕ್ಕೆ ಸ್ವಂತ ಬಂದರಿರಲಿಲ್ಲ, ತಡೆಯೋ ದಾರಿಯೂ ಇರಲಿಲ್ಲ. ಮತ್ತೋಡಿನ ಕುಲುಮೆಗಳು ಇವತ್ತಿಲ್ಲ. ಅವು ಆರಿದ್ದಕ್ಕೆ ಕಾರಣ ಹಲವಿರಬಹುದು. ಆದರೆ ಸುಂಕದ ಗೋಡೆ ನಿಜವಾಗಿ ಬೇಕಿದ್ದ ಹೊತ್ತಲ್ಲಿ ಗೋಡೆ ಇರಲಿಲ್ಲ ಅನ್ನೋದಂತೂ ಸತ್ಯ. ಬಳೆಗಾರನನ್ನ ಕಾಯದ ಗೋಡೆ ಈಗ ಬಳೆ ತೊಟ್ಟು ಬರೋ ಮಗಳನ್ನ ತಡೀತಿದೆ. ಐದು ವರ್ಷ ಹಳೆಯ ಮಿಕ್ಸಿಯಿಂದ ಯಾವ ಉದ್ಯಮ ಮುಳುಗುತ್ತೆ ಹೇಳಿ?

ಹೌದು, ದುರುಪಯೋಗ ಆಗುತ್ತೆ. ಮನೆ ಸಾಮಾನಿನ ಹೆಸರಲ್ಲಿ ಟಿವಿ ತಂದು ಮಾರಿದವರಿದ್ದಾರೆ. ರೂಪಾಯಿ ಕುಸಿದ 2013ರ ಆಗಸ್ಟಿನಲ್ಲಿ ಫ್ಲಾಟ್ ಟಿವಿಗಿದ್ದ ವಿನಾಯಿತಿ ರದ್ದಾಯಿತು. ಚಿನ್ನದ ಕಳ್ಳಸಾಗಣೆಯೂ ಸುಳ್ಳಲ್ಲ. ಆದರೆ ಅದಕ್ಕೂ ಮದ್ದಿದೆ. ಯುರೋಪಿನಲ್ಲಿ ಸುಂಕವಿಲ್ಲದೆ ತಂದ ಮನೆ ಸಾಮಾನನ್ನ ಹನ್ನೆರಡು ತಿಂಗಳು ಮಾರುವಂತಿಲ್ಲ. ಮಾರಿದರೆ ಸುಂಕ ಕಟ್ಟು. ಕಳ್ಳನಿಗೆ ಕೋಳ, ಸಂಸಾರಸ್ಥನಿಗೆ ದಾರಿ. ನಾವು ಮಾಡಿರೋದು ಕಳ್ಳ ಸಿಗಲಿಲ್ಲ ಅಂತ ಊರವರಿಗೆಲ್ಲ ದಂಡ.

ನನ್ನ ಬೇಡಿಕೆ ಮೂರೇ. ಆರು ತಿಂಗಳು ಬಳಸಿದ ಮನೆ ಸಾಮಾನಿಗೆ ರೂಪಾಯಿ ಮಿತಿ ತೆಗೆಯಿರಿ.  ಸವಕಳಿಯ ದರಪಟ್ಟಿ ಎಲ್ಲರಿಗೂ ಕಾಣೋ ಹಾಗೆ, ಕನ್ನಡದಲ್ಲೂ ಪ್ರಕಟಿಸಿ. ವ್ಯಾಜ್ಯ ಇತ್ಯರ್ಥ ಆಗೋವರೆಗೆ ನೆಲಬಾಡಿಗೆ ನಿಲ್ಲಿಸಿ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ನಿಗದಿತ ಕಾಲ ಬಳಸಿದ್ದು ಅಂತ ಅಧಿಕಾರಿಗೆ ಮನವರಿಕೆಯಾದರೆ ಆ ವಸ್ತುವನ್ನ ಸುಂಕವಿಲ್ಲದೆ ಬಿಡಬಹುದು ಅಂತ 1962ರ ಕಸ್ಟಮ್ಸ್ ಕಾಯ್ದೆಯ 79ನೇ ಸೆಕ್ಷನ್ನೇ ಹೇಳುತ್ತೆ. ಮಿತಿಗಳನ್ನ ಹಾಕಿರೋದು ಅದರಡಿ ಮಾಡಿದ ನಿಯಮಗಳು, ತೆಗೆಯೋಕೆ ಒಂದು ಅಧಿಸೂಚನೆ ಸಾಕು. ವಿದೇಶದಲ್ಲಿ ದುಡಿಯೋ ಮಕ್ಕಳು ಕಳಿಸೋ ಹಣವನ್ನ ಭಾಷಣಗಳಲ್ಲಿ ಹೊಗಳೋರು, ಆ ಮಕ್ಕಳು ಮನೆಗೆ ಬಂದಾಗ ಪಾತ್ರೆ ಎಣಿಸೋದನ್ನ ಮೊದಲು ನಿಲ್ಲಿಸಲಿ.