ಕೆಂಪು ನಮ್ಮದು, ಹೆಸರು ಯಾರದು?

1/3

ದೋಸ್ತ್ರ, ಈ ಸಲ ಬಣ್ಣದ ಬಗ್ಗೆ. ಸ್ವಲ್ಪ ಉದ್ದ ಐತಿ, ಮೂರು ಪೋಸ್ಟ್‌ನಾಗ ಹಾಕ್ತೀನಿ.

ಬ್ರ್ಯಾಂಡಿಂಗ್ ಅಂತ ಹುಡುಕಿದ್ರ ಸಾಕು, ಒಂದು ಚಾರ್ಟ್ ಬಂದೇ ಬರ್ತೈತಿ: ಕೆಂಪು ಅಂದ್ರ ಉತ್ಸಾಹ, ನೀಲಿ ಅಂದ್ರ ನಂಬಿಕೆ, ಬಿಳಿ ಅಂದ್ರ ಶುದ್ಧ, ಕಪ್ಪು ಅಂದ್ರ ಐಷಾರಾಮ. ಸೆಮಿನಾರಿನ ಎಲ್ಲಾ ಪಿಪಿಟಿಯೊಳಗೂ ಇದೇ. ನನ್ನ ಪ್ರಕಾರ ಆ ಚಾರ್ಟ್ ಅರ್ಧ ಸುಳ್ಳು.

ಕಪ್ಪನ್ನೇ ತಗೋರಿ. ಲಗ್ನದ ಮನ್ಯಾಗ ಕರಿ ಸೀರಿ ಉಟ್ಕೊಂಡು ಹೋದ್ರ ಅಜ್ಜಿ ಬಾಗಲಾಗೇ ನಿಲ್ಲಿಸಿ ಬೈತಾಳ. ಆದ್ರ ಅದೇ ಲಗ್ನದಾಗ ಹುಡುಗಿ ಕೊರಳಿಗೆ ಬೀಳೋದು ಕರಿಮಣಿ. ಒಂದೇ ಬಣ್ಣ, ಒಂದೇ ಮನಿ, ಒಂದೇ ದಿನ. ಇದನ್ನ ಯಾವ ಚಾರ್ಟ್ ಹೇಳ್ತೈತಿ? ಕೆಂಪೂ ಹಂಗೇ. ನಮ್ಮ ಷೇರು ಆ್ಯಪ್‌ನಾಗ ಕೆಂಪು ಕಂಡ್ರ ಎದಿ ಧಸಕ್ಕಂತೈತಿ, ಚೀನಾದ ಮಾರುಕಟ್ಟೆಯಲ್ಲಿ ಕೆಂಪು ಅಂದ್ರ ರೇಟು ಏರಿದೆ ಅಂತ.

ಬಣ್ಣಕ್ಕ ಅರ್ಥ ತಾನಾಗೇ ಬರಂಗಿಲ್ಲ. ಜನ ಅದನ್ನ ಎಲ್ಲಿ, ಎಷ್ಟು ಸಲ, ಯಾವುದರ ಜೊತಿ ನೋಡ್ಯಾರ ಅನ್ನೋದರ ಮೇಲೆ ಬರ್ತೈತಿ. ನಂದಿನಿ ಹಾಲು ತರಾಕ ಹೋದಾಗ "ಟೋನ್ಡ್ ಹಾಲು ಕೊಡ್ರಿ" ಅಂತ ಯಾರು ಕೇಳ್ತಾರ? "ನೀಲಿ ಪ್ಯಾಕೆಟ್" ಅಂತೀವಿ, ಮುಗೀತು. ಓದಾಕ ಬರದವರಿಗೂ ಅದು ಗೊತ್ತು. ವರ್ಷಗಟ್ಟಲೆ ದಿನಾ ಮುಂಜಾನೆ ಅದೇ ಬಣ್ಣ, ಅದೇ ಹಾಲು ಸಿಕ್ಕಿದ್ದಕ್ಕ ಬಂದ ಗುರುತು ಅದು.

2/3

ಈಗ ನಮ್ಮ ಜಿಲ್ಲಾಕ್ಕ ಬರ್ರಿ. ಬಣ್ಣ ಅನ್ನೋದೇ ಸರಕು ಆಗಿರೋ ಊರು ನಮ್ಮ ಹಾವೇರಿ ಜಿಲ್ಲಾದಾಗೇ ಐತಿ: ಬ್ಯಾಡಗಿ.

ಬ್ಯಾಡಗಿ ಮೆಣಸಿನಕಾಯಿ ಖಾರಕ್ಕ ಹೆಸರಾದದ್ದಲ್ಲ. ಖಾರ ಕಡಿಮಿ, ಬಣ್ಣ ಜಾಸ್ತಿ. ಮಾರ್ಕೆಟ್‌ನಾಗ ಎರಡು ಹೆಸರು ಕೇಳ್ತೀರಿ, ಕಡ್ಡಿ ಮತ್ತು ಡಬ್ಬಿ. ಕಡ್ಡಿ ಉದ್ದಕ, ತೆಳ್ಳಗ, ಸುಕ್ಕು. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಇನ್ನೂ ಗಾಢ, ರೇಟೂ ಹೆಚ್ಚು. ಇವುಗಳಿಂದ ತೆಗೆಯೋ ಓಲಿಯೊರೆಸಿನ್ ಅನ್ನೋ ಕೆಂಪು ಸಾರ ಆಹಾರಕ್ಕೂ ಹೋಗ್ತೈತಿ, ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಹೋಗ್ತೈತಿ. ಕೆಂಪು ಎಷ್ಟು ಅಂತ ಅಳಿಯಾಕ ಆಸ್ಟಾ ಅನ್ನೋ ಅಳತೆನೇ ಐತಿ. ಬ್ಯಾಡಗಿ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಯಾಕ ಅಂತ ಕೇಳೀರೇನು? ಬಿಸಿ ಮತ್ತು ಬೆಳಕು ಬಿದ್ರ ಬಣ್ಣ ಮಾಸ್ತೈತಿ, ಬಣ್ಣ ಮಾಸಿದ್ರ ರೇಟೂ ಹೋತು.

2011ರಲ್ಲಿ ಇದಕ್ಕ ಜಿಐ ಟ್ಯಾಗ್ ಸಿಕ್ತು. ಕಾಗದದ ಮೇಲೆ ಹೆಸರು ನಮ್ಮದೇ. ಆದ್ರ ಸಿಟಿಯಾಗ ಸೂಪರ್ ಮಾರ್ಕೆಟ್‌ಗೆ ಹೋಗಿ ನಿಂತು ನೋಡ್ರಿ. ಖಾರ ಕಡಿಮಿ, ಬಣ್ಣ ಚೊಲೋ ಬರೋ ಪುಡಿ ಬೇಕಾದವರ ಬಾಯಾಗ ಮೊದಲು ಬರೋ ಹೆಸರು "ಕಾಶ್ಮೀರಿ". ಅದೇ ಗುಣ ಇರೋ ನಮ್ಮ ಕಾಯಿ ಹೆಸರು ಹೇಳೋರು ಕಡಿಮಿ. ಬ್ಯಾಡಗಿ ಅಂತ ಬರೆದ ಪ್ಯಾಕೆಟ್ ಇಲ್ಲವೇ ಇಲ್ಲ ಅಂತಲ್ಲ, ಅದಾವು. ಆದ್ರ ಕಾಶ್ಮೀರಿ ಅಂದ ಕೂಡಲೇ ತಲ್ಯಾಗ ಒಂದು ಚಿತ್ರ ಬರ್ತೈತಲ್ಲ, ಹಿಮ, ಗುಡ್ಡ, ಕೆಂಪು ರೋಗನ್ ಜೋಶ್, ಅಂಥದ್ದೊಂದು ಚಿತ್ರ ಬ್ಯಾಡಗಿಗೆ ನಾವು ಕಟ್ಟಿಲ್ಲ. ವರದಾ ನದಿ, ಕರಿಮಣ್ಣು, ಒಣಹಾಕಿದ ಕಾಯಿಯಿಂದ ಕೆಂಪಾದ ಕಣ, ಎಲ್ಲಾ ಐತಿ ನಮ್ಮ ಕಡೆ. ಪ್ಯಾಕೆಟ್ ಮೇಲೆ ಬಂದಿಲ್ಲ ಅಷ್ಟೇ.

ಇದು ಬರೀ ಅಭಿಮಾನದ ಮಾತಲ್ಲ. 2024ರ ಮಾರ್ಚ್ 11ಕ್ಕ ಬ್ಯಾಡಗಿಯೊಳಗ ಏನಾತು ಅಂತ ನಿಮಗ ನೆನಪಿರಬೇಕು. ರೇಟು ಬಿತ್ತು ಅಂತ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ನಾ ಹೇಳಂಗಿಲ್ಲ. ಆದ್ರ ಒಂದು ಲೆಕ್ಕ ನೋಡ್ರಿ: ಹೆಸರಿಲ್ಲದ ಸರಕಿಗೆ ಆ ದಿನದ ಆವಕ ಹೇಳಿದ್ದೇ ರೇಟು. ಹೆಸರಿದ್ದ ಸರಕಿಗೆ ಕೊಳ್ಳೋನು ತಾನೇ ಹುಡುಕ್ಕೊಂಡು ಬರ್ತಾನ. ಬ್ರ್ಯಾಂಡ್ ಇದ್ರ ರೇಟು ಬೀಳಂಗೇ ಇಲ್ಲ ಅಂತಲ್ಲ, ಬಿದ್ರೂ ಅಷ್ಟು ಬೀಳಂಗಿಲ್ಲ.

3/3

"ಹಂಗಾದ್ರ ಪ್ಯಾಕೆಟ್‌ಗೆ ಹಳದಿ-ಕೆಂಪು ಹೊಡ್ದು, ಇಳಕಲ್ ಸೀರಿ ಉಟ್ಟ ಅಜ್ಜಿ ಫೋಟೋ ಹಾಕಿದ್ರ ಆತು" ಅಂತ ಯಾರಾದ್ರೂ ಅಂದೇ ಅಂತೀರಿ. ಬ್ಯಾಡ್ರಿ. ಬಾವುಟದ ಬಣ್ಣ ಅಂದ್ರ ಅರಿಶಿನ-ಕುಂಕುಮ, ಅದನ್ನ ಎಲ್ಲಿ ಬೇಕಾದಲ್ಲಿ ಮೆತ್ತಂಗಿಲ್ಲ. 2021ರ ಜೂನ್‌ನಾಗ ಅಮೆಜಾನ್ ಕೆನಡಾದಾಗ ಅದೇ ಬಣ್ಣ ಮತ್ತು ಲಾಂಛನ ಹಾಕಿದ ಬಿಕಿನಿ ಮಾರಾಟಕ್ಕಿಟ್ಟಿದ್ರು. ಕನ್ನಡಿಗರು ಸಿಟ್ಟಾದ್ರು, ಸಚಿವರೇ ಕಾನೂನು ಕ್ರಮದ ಮಾತಾಡಿದ್ರು, ಸರಕು ಕೆಳಗಿಳೀತು. ಎರಡು ಬಣ್ಣ ಸುಂದರ ಅದಾವು ಅಂತ ತಗೊಂಡವರಿಗೆ ಅವು ಯಾರ ಬಣ್ಣ ಅಂತ ಗೊತ್ತಿರಲಿಲ್ಲ, ಅಷ್ಟೇ ಕಥಿ.

ಬಣ್ಣದ ಆಸೆಗೆ ಮೋಸ ಮಾಡೋರೂ ಇರ್ತಾರ. 2003ರಲ್ಲಿ ಫ್ರಾನ್ಸ್‌ನಾಗ, ಭಾರತದಿಂದ ಹೋದ ಖಾರದ ಪುಡಿಯ ಸರಕಿನಲ್ಲಿ ಸುಡಾನ್ 1 ಅನ್ನೋ ರಾಸಾಯನಿಕ ಬಣ್ಣ ಸಿಕ್ತು. ಅದು ತಿನ್ನೋ ಬಣ್ಣ ಅಲ್ಲ, ಮೇಣಕ್ಕ, ಪಾಲಿಶ್‌ಗೆ ಹಾಕೋದು. 2005ರಲ್ಲಿ ಬ್ರಿಟನ್‌ನಾಗ ಇದರಿಂದ 400ಕ್ಕೂ ಹೆಚ್ಚು ಉತ್ಪನ್ನ ಅಂಗಡಿಯಿಂದ ವಾಪಸ್ ತಗೊಂಡ್ರು. ಯಾರೋ ಬೆರೆಸಿದ ಬಣ್ಣಕ್ಕ ಖರೆ ಬಣ್ಣ ಬೆಳೆಯೋರ ಮೇಲೂ ಅನುಮಾನ.

ನಾ ಆಗಿದ್ರ ಏನು ಮಾಡ್ತಿದ್ದೆ? ಮೊದಲು ಆ ಪಾರದರ್ಶಕ ಪ್ಲಾಸ್ಟಿಕ್ ಬಿಡ್ತಿದ್ದೆ. ಕೆಂಪು ಕಾಣ್ಲಿ ಅಂತ ಎಲ್ಲಾರೂ ಅದನ್ನೇ ಹಾಕ್ತಾರ, ಅಂಗಡಿ ಲೈಟಿಗೆ ಅದೇ ಕೆಂಪು ಸಾಯ್ತೈತಿ. ಬೆಳಕು ಹೋಗದ ಪ್ಯಾಕೆಟ್. ಮೇಲೆ ದಪ್ಪ ಅಕ್ಷರದಾಗ, ಕನ್ನಡದಾಗ, ಬ್ಯಾಡಗಿ. ಕೆಳಗ ಕಡ್ಡಿಯೋ ಡಬ್ಬಿಯೋ, ಯಾವ ವರ್ಷದ ಬೆಳಿ, ಯಾವ ಊರಿನ ಹೊಲ, ಆಸ್ಟಾ ಎಷ್ಟು. ಬೇರೆ ಕಡೆ ಬೆಳೆದ ಹೈಬ್ರಿಡ್ ಕಾಯಿಗೂ ಬ್ಯಾಡಗಿ ಹೆಸರು ಅಂಟಿಸಿ ಮಾರೋದು ಐತಲ್ಲ, ಇಷ್ಟು ಬರೆದ್ರ ಅಂಥವರಿಗೆ ಕಷ್ಟ ಆಗ್ತೈತಿ. ಖರ್ಚು ಬರ್ತೈತಿ, ಹೌದು. ಒಬ್ಬ ರೈತನ ಕೈಲಿ ಆಗೋ ಕೆಲಸ ಅಲ್ಲ. ರೈತ ಉತ್ಪಾದಕ ಕಂಪನಿ ಮಾಡ್ಕೊಂಡ್ರ ಆಗ್ತೈತಿ, ಅದರ ಲೆಕ್ಕ ಬರೆಯಾಕ ಬಿಕಾಂ ಓದಿದವರು ಬೇಕು. ಎಲ್ಲಾರೂ ಬೆಂಗಳೂರು ಬಸ್ಸೇ ಹತ್ತಬೇಕು ಅಂತ ಏನಿಲ್ಲ.

ಈಗ ಒಂದು ಕೆಲಸ. ಅಡಿಗಿಮನಿಗೆ ಹೋಗಿ ಖಾರದ ಪ್ಯಾಕೆಟ್ ತಿರುವಿ ನೋಡ್ರಿ. ಯಾವ ಊರಿನ ಕಾಯಿ ಅಂತ ಎಲ್ಲಾದ್ರೂ ಬರ್ದೈತೇನು? ಫೋಟೋ ಡಿಎಂ ಮಾಡ್ರಿ, ಬಂದದ್ದನ್ನೆಲ್ಲಾ ಭಾನುವಾರ ಸ್ಟೋರಿಗೆ ಹಾಕ್ತೀನಿ. ಮನ್ಯಾಗೇ ಕುಟ್ಟಿಸಿದ ಖಾರ ಇದ್ದವರು ಡಬ್ಬಿ ಫೋಟೋ ಕಳಸ್ರಿ, ಅವರಿಗೆ ಮೊದಲ ಜಾಗ.

#ಬ್ಯಾಡಗಿಮೆಣಸಿನಕಾಯಿ #ಹಾವೇರಿ #ತಿಳವಳ್ಳಿ #ಬಿಕಾಂಮಾತು