ಬಾಡಿಗೆ ಮನೆಯ ಶೇಕಡಾವಾರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ಮನೆಗೆ ಬಂದಿದ್ದಳು. ಈಗ ಮೊದಲ ಪಿಯುಸಿ ಓದುತ್ತಿದ್ದಾಳೆ. ಮಾತು ಆಡಬೇಕಾಗಿದ್ದದ್ದು ಅವಳಲ್ಲ, ತಂದೆ.

“ಮೇಷ್ಟ್ರೇ, ಬೆಂಗಳೂರಿನ ಹೊರಗೆ ಒಂದು ಫ್ಲ್ಯಾಟ್ ನೋಡಿದ್ದೀನಿ. 60 ಲಕ್ಷ. ನನ್ನ ಹತ್ತಿರ 20 ಇದೆ, ಮಿಕ್ಕಿದ್ದು ಬ್ಯಾಂಕ್ ಸಾಲ. ಬಾಡಿಗೆ ತಿಂಗಳಿಗೆ 16 ಸಾವಿರ ಬರುತ್ತಂತೆ. ಅದರಲ್ಲೇ ಕಂತು ಕಟ್ಟಿಕೊಂಡು ಹೋದರೆ ಇವಳ ಓದಿಗೂ ಒಂದು ದಾರಿ ಆಗುತ್ತೆ” ಎಂದರು.

ನಾನು ಉತ್ತರ ಹೇಳಲಿಲ್ಲ. ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟೆ. ಶೇಕಡಾ ಲೆಕ್ಕ ಎಂಟನೇ ತರಗತಿಯಲ್ಲೇ ಕಲಿತಿದ್ದಾಳಲ್ಲ!

ವರ್ಷದ ಬಾಡಿಗೆ 1,92,000. 60 ಲಕ್ಷಕ್ಕೆ ಅದು ಶೇ 3.2. ಬಾಡಿಗೆದಾರ ಬದಲಾಗುವಾಗ ಒಂದು ತಿಂಗಳು ಮನೆ ಖಾಲಿ ಎಂದು 16,000 ಕಳೆದೆವು. ಕಂದಾಯ, ಸುಣ್ಣಬಣ್ಣ, ನಲ್ಲಿ ರಿಪೇರಿ ಎಂದು ಇನ್ನೊಂದು 26,000. ಉಳಿದದ್ದು ಒಂದೂವರೆ ಲಕ್ಷ, ಅಂದರೆ ಶೇ 2.5. ಮುದ್ರಾಂಕ ಮತ್ತು ನೋಂದಣಿ ಶುಲ್ಕಕ್ಕೆ ಹೋಗುವ ಲಕ್ಷಗಳನ್ನು ಇಲ್ಲಿ ಹಿಡಿದೇ ಇಲ್ಲ.

ಇನ್ನು ಸಾಲ. 40 ಲಕ್ಷಕ್ಕೆ ಶೇ 8.5ರ ಬಡ್ಡಿ, 20 ವರ್ಷ ಎಂದುಕೊಂಡರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಮೊದಲ ಕಂತಿನಲ್ಲಿ 28,333 ಬರೀ ಬಡ್ಡಿ. ಖರ್ಚು ಕಳೆದ ಬಾಡಿಗೆ ತಿಂಗಳಿಗೆ 12,500. ಮಿಕ್ಕ 22,200 ಎಲ್ಲಿಂದ? ತಂದೆಯ ಸಂಬಳದಿಂದ. ಶೇ 8.5ಕ್ಕೆ ತಂದು ಶೇ 2.5ಕ್ಕೆ ಕೊಟ್ಟಂತಾಯಿತು.

“ಆದರೆ ಮನೆಯ ಬೆಲೆ ಏರುತ್ತಲ್ಲ ಸಾರ್?” ಎಂದಳು ಹುಡುಗಿ. ಒಳ್ಳೆಯ ಪ್ರಶ್ನೆ. ಏರಬಹುದು. ಆದರೆ ಬೆಲೆ ಏರುವುದು ಮುಖ್ಯವಾಗಿ ನೆಲಕ್ಕೆ. ಗೋಡೆ, ಲಿಫ್ಟು, ಪೈಪುಗಳಿಗೆ ವಯಸ್ಸಾಗುತ್ತದೆ. ಫ್ಲ್ಯಾಟಿನಲ್ಲಿ ನಮ್ಮ ಪಾಲಿಗೆ ಬರುವ ನೆಲ ಸ್ವಲ್ಪವೇ. ಅಲ್ಲದೆ ಏರಿದ ಬೆಲೆ ಕೈಗೆ ಸಿಗುವುದು ಮಾರಿದ ದಿನ. ಕಾಲೇಜಿನ ಫೀಸು ಕಟ್ಟಬೇಕೆಂದು ಅಡುಗೆಮನೆಯೊಂದನ್ನೇ ಮಾರಲು ಬರುವುದಿಲ್ಲ.

ಒಂದೇ ಮನೆ ಎಂದರೆ ಸರಣಿ ಜೋಡಣೆಯ ವಿದ್ಯುತ್ ಮಂಡಲ ಇದ್ದ ಹಾಗೆ. ಒಂದು ಬಲ್ಬು ಸುಟ್ಟರೆ ಇಡೀ ಸಾಲು ಕತ್ತಲು. ಬಾಡಿಗೆದಾರ ಹೋದ ತಿಂಗಳು ಆದಾಯ ಅರ್ಧವಾಗುವುದಿಲ್ಲ, ಸೊನ್ನೆಯಾಗುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ನಮ್ಮ ಮಹಡಿಯ ಮನೆಯಲ್ಲಿ ಸಾಫ್ಟ್‌ವೇರ್ ಕೆಲಸದ ಇಬ್ಬರು ಹುಡುಗರಿದ್ದರು. 2020ರ ಲಾಕ್‌ಡೌನಿನಲ್ಲಿ ಮನೆಯಿಂದಲೇ ಕೆಲಸ ಎಂದಾಗ ಸಾಮಾನು ಕಟ್ಟಿ ಊರಿಗೆ ಹೊರಟರು. ಪಾಪ, ಅವರದ್ದೇನೂ ತಪ್ಪಿಲ್ಲ. ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್ ಪಡೆದಿದ್ದೆ. ಅದನ್ನು ಆಗಲೇ ಬೋರ್‌ವೆಲ್ಲಿಗೆ ಸುರಿದಿದ್ದೆ. ಅಡ್ವಾನ್ಸ್ ಎಂಬುದು ಆದಾಯವಲ್ಲ, ಹಿಂದಿರುಗಿಸಬೇಕಾದ ಸಾಲ ಎಂದು ನನ್ನ ಹೆಂಡತಿ ಎಷ್ಟು ಸಲ ಹೇಳಿದ್ದಳೋ! ಆಕೆಯ ಬಳೆ ಅಡವಿಟ್ಟು ಹಣ ಕೊಟ್ಟೆ. ಮನೆ ಏಳು ತಿಂಗಳು ಖಾಲಿ ಬಿತ್ತು.

ಹಾಗಾದರೆ ಬಾಡಿಗೆಗೆಂದು ಮನೆ ಕೊಳ್ಳುವುದೇ ತಪ್ಪೆ? ಹಾಗೇನಿಲ್ಲ. ಸಾಲವಿಲ್ಲದೆ, ಸ್ವಂತ ನಿವೇಶನದ ಮೇಲೆ ಕಟ್ಟಿದವರ ಲೆಕ್ಕ ಬೇರೆ. ತೆರಿಗೆಯಲ್ಲೂ ಅನುಕೂಲ ಉಂಟು: ಬಾಡಿಗೆಯಲ್ಲಿ ಕಂದಾಯ ಕಳೆದು ಉಳಿದದ್ದರ ಶೇ 30ಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಈ ತಂದೆಯ ಬಳಿ ಇರುವುದು 20 ಲಕ್ಷವೇ, ಮಗಳ ಕಾಲೇಜಿಗೆ ಉಳಿದಿರುವುದು ಎರಡು ವರ್ಷವೂ ಇಲ್ಲ.

“ಬಿಲ್ಡರ್ ಹೇಳಿದ ಬಾಡಿಗೆ ಬಿಡಿ. ಒಂದು ಭಾನುವಾರ ಹೋಗಿ ಅಲ್ಲಿನ ವಾಚ್‌ಮನ್‌ನನ್ನು ಮಾತಾಡಿಸಿ, ಎಷ್ಟು ಮನೆ ಖಾಲಿ ಇವೆ ಅಂತ ಕೇಳಿ” ಎಂದೆ.

ತಂದೆ ಮಗಳು ಇಬ್ಬರೂ ಹೋಗಿ ಬಂದರು. 24 ಮನೆಗಳಲ್ಲಿ ಐದು ಖಾಲಿ. ಹುಡುಗಿ ವರ್ಷಕ್ಕೆ ಮೂರು ತಿಂಗಳು ಖಾಲಿ ಎಂದು ಹಿಡಿದು ಮತ್ತೆ ಲೆಕ್ಕ ಹಾಕಿದ್ದಾಳೆ. ಶೇ 2ಕ್ಕೂ ತುಸು ಕಡಿಮೆ ಬಂತಂತೆ. ತಂದೆ ಇನ್ನೂ ಮುಂಗಡ ಕೊಟ್ಟಿಲ್ಲ.